ಹುರುಳಿಪಾಳ್ಯದ ಕಾಳಗಕ್ಕೆ ಎರಡು ಪುಟ

ಜಿಲ್ಲಾ ವಿಶ್ವಕೋಶದ ಸಂಪಾದಕ ಮಂಡಳಿ ತನ್ನ ಏಳನೆಯ ಸಭೆಯಲ್ಲಿ ಹುರುಳಿಪಾಳ್ಯದ ಕಾಳಗವನ್ನು ಒಂದೂವರೆ ನಿಮಿಷದಲ್ಲಿ ಮುಗಿಸಿಬಿಟ್ಟಿತು. ನಿಜವಾದ ಕಾಳಗವಾದರೂ ಅದಕ್ಕಿಂತ ಹೆಚ್ಚು ಹೊತ್ತು ನಡೆದಿತ್ತು ಎನ್ನುವುದಕ್ಕೆ ಆಧಾರವೇನೂ ಇರಲಿಲ್ಲ. ಮೊದಲ ನಾಲ್ಕು ಸಭೆಗಳು ಮುಖಪುಟದ ಮೇಲೆ ಜಿಲ್ಲೆಗೆ ಯಾವ ಹೆಸರು ಹಾಕಬೇಕೆಂಬ ಚರ್ಚೆಯಲ್ಲೇ ಕಳೆದಿದ್ದವು, ಕೆಲಸ ಶುರುವಾದಾಗ ಇದ್ದ ಹೆಸರು ಅರ್ಧದಲ್ಲಿ ಬದಲಾಗಿತ್ತು. ಹಾಗಾಗಿ ಉಳಿದ ಸಾವಿರ ವರ್ಷದ ಚರಿತ್ರೆಗೆ ಸಮಯ ಸ್ವಲ್ಪ ಕಡಿಮೆಯೇ. ಅಧ್ಯಕ್ಷರಾದ ಬಸವಯ್ಯನವರು, ಪ್ರಾಂಶುಪಾಲರಾಗಿ ನಿವೃತ್ತರಾಗಿ ರಾಮನಗರದಲ್ಲಿ ಮನೆ ಕಟ್ಟಿಕೊಂಡವರು, ಹಾಳೆಯನ್ನು ಕನ್ನಡಕದ ಮೇಲಿಂದ ಒಮ್ಮೆ, ಒಳಗಿಂದ ಒಮ್ಮೆ ನೋಡಿ, ಇದನ್ನು ಇತರೆಗೆ ಹಾಕಿ ಎಂದರು. ಇತರೆ ಎಂದರೆ ‘ಇತರೆ ಚಿಕ್ಕಪುಟ್ಟ ಕಾಳಗಗಳು’ ಎಂಬ ಅರ್ಧ ಪುಟ. ಅಲ್ಲಿ ಊರಿನ ಹೆಸರು, ಒಂದು ಅಲ್ಪವಿರಾಮ, ಇನ್ನೊಂದು ಊರಿನ ಹೆಸರು, ಅಷ್ಟೇ. ಕಾರ್ಯದರ್ಶಿ ಮಮತಾ ಬರೆದುಕೊಳ್ಳಲು ಪೆನ್ನು ತೆಗೆದಾಗ, ಮೇಜಿನ ಕೊನೆಯಲ್ಲಿ ಕೂತಿದ್ದ ಅನಂತರಾಜು ಎದ್ದು ನಿಂತ.

ಅನಂತರಾಜು ಸೋಲೂರು ಹೋಬಳಿಯಲ್ಲಿ ಪಶುವೈದ್ಯ ಇಲಾಖೆಯ ಪರೀಕ್ಷಕ. ಹಳ್ಳಿಯವರ ಬಾಯಲ್ಲಿ ಡಾಕ್ಟ್ರು. ಮಂಡಳಿಯವರ ಬಾಯಲ್ಲಿ, ಅವನು ಟೀ ಕುಡಿಯಲು ಹೊರಗೆ ಹೋದಾಗ, ದನದ ಡಾಕ್ಟ್ರು. ಬೈಕಿನ ಪಕ್ಕಕ್ಕೆ, ಹೋರಿಯ ವೀರ್ಯ ಶೈತ್ಯದಲ್ಲಿಟ್ಟ, ಹೊಗೆಯಾಡುವ ಕ್ಯಾನು ಕಟ್ಟಿಕೊಂಡು, ಬೆದೆಗೆ ಬಂದ ಸೀಮೆಹಸುಗಳನ್ನು ಹುಡುಕಿಕೊಂಡು ಊರೂರು ತಿರುಗುವುದು ಅವನ ನೌಕರಿ. ಹಾಗೆ ತಿರುಗುವಾಗ ಇಪ್ಪತ್ತೆರಡು ವರ್ಷದ ಕೆಳಗೆ ಹುರುಳಿಪಾಳ್ಯದ ಕೆರೆ ಏರಿಯ ಬುಡದಲ್ಲಿ ಅವನ ಕಣ್ಣಿಗೆ ಬಿದ್ದದ್ದು ಮಾಚಪ್ಪನ ಕಲ್ಲು. ಅರ್ಧ ಮಣ್ಣಿನಲ್ಲಿ ಹೂತುಹೋದ ವೀರಗಲ್ಲು. ಊರಲ್ಲಿ ಯಾವ ಹಸು ಕರು ಹಾಕಿದರೂ ಮೊದಲ ಗಿಣ್ಣು ಹಾಲು ಆ ಕಲ್ಲಿನ ತಲೆಗೆ, ಆಮೇಲೆ ಮನೆಯವರ ಬಾಯಿಗೆ. ಶತಮಾನಗಳಿಂದ ಹಾಲು ಹೊಯ್ದು, ಅರಿಶಿನ ಬಳಿದು, ಕೈಯಲ್ಲಿ ಉಜ್ಜಿ, ಕಲ್ಲಿನ ಮೇಲಿನ ತಲೆಗಳೆಲ್ಲ ನುಣ್ಣಗಾಗಿದ್ದವು. ಕಾಣುತ್ತಿದ್ದದ್ದು ಇಷ್ಟು: ಕತ್ತಿ ಎತ್ತಿದ ಒಬ್ಬ ಮನುಷ್ಯ, ಎದುರಿಗೆ ಸಾಲಾಗಿ ಎಂಟು ಪ್ರಾಣಿಗಳ ಬೆನ್ನು, ಆ ಬೆನ್ನುಗಳ ಮೇಲೆ ಎದ್ದು ಕಾಣುವ ಇಬ್ಬರು ಗಂಡಸರ ಎದೆ. ಪಕ್ಕದಲ್ಲಿ ಸವೆದ ಮೂರು ಪದ: ಮಾಚ ಕಾದಿ ಸತ್ತ.

ಈ ಮೂರು ಪದದಿಂದ ಅನಂತರಾಜು ಒಂದು ದಂಡನ್ನೇ ಎಬ್ಬಿಸಿದ. ಎಂಟು ಕುದುರೆ ಕೆತ್ತಿದ್ದಾನೆಂದರೆ ಬಂದದ್ದು ಎಂಬತ್ತಾದರೂ ಇರಬೇಕು, ಶಿಲ್ಪಿಗೆ ಕಲ್ಲು ಸಾಲಲಿಲ್ಲ. ಊರಿನ ಹೆಸರೇ ಹುರುಳಿಪಾಳ್ಯ, ಹುರುಳಿ ಬೆಳೆಯುತ್ತಿದ್ದದ್ದು ಲಾಯದ ಕುದುರೆಗಳಿಗೆ. ಹುರುಳಿ ಸಾರನ್ನು ಮನುಷ್ಯರೂ ಉಣ್ಣುತ್ತಾರೆಂಬುದು, ದಿನಾ ಉಣ್ಣುತ್ತಿದ್ದ ಅವನಿಗೆ ಆಗ ನೆನಪಾಗಲಿಲ್ಲ. ಇದನ್ನೆಲ್ಲ ಸೇರಿಸಿ ಮಾಗಡಿಯ ಒಂದು ಮಾಸಪತ್ರಿಕೆಗೆ ಲೇಖನ ಬರೆದ. ಮಾಚಪ್ಪ ದನ ಕಾಯುತ್ತಿದ್ದವನಂತೆ ಎಂದು ಊರವರು ಹೇಳಿದ್ದನ್ನು ಅಡಿಟಿಪ್ಪಣಿಯಲ್ಲಿ ಹಾಕಿ, ‘ಇದು ಜನಸಾಮಾನ್ಯರ ತಪ್ಪು ಗ್ರಹಿಕೆ’ ಎಂದು ಸೇರಿಸಿದ. ಪತ್ರಿಕೆ ಆರನೇ ಸಂಚಿಕೆಗೆ ನಿಂತುಹೋಯಿತು.

ಈಗ ಸಭೆಯಲ್ಲಿ ಎದ್ದು ನಿಂತು ಅವನು, ನಾಲ್ಕು ಆಕರಗಳಿವೆ ಸಾರ್, ಪ್ರತ್ಯೇಕ ನಮೂದು ಕೊಡಲೇಬೇಕು ಎಂದು ವಾದಿಸಿದ. ಸ್ವಂತ ನಮೂದಿಗೆ ಕನಿಷ್ಠ ಎರಡು ಸ್ವತಂತ್ರ ಆಕರ ಬೇಕೆಂಬುದು ಮಂಡಳಿಯ ನಿಯಮ. ಅವನ ಬಳಿ ಅದಕ್ಕೆ ಎರಡರಷ್ಟಿತ್ತು. ಮಮತಾ ಕನಕಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು, ಮಾತು ಮೃದು, ಕೆಲಸ ಖಡಕ್ಕು. ಅವಳು ನಾಲ್ಕನ್ನೂ ಹುಡುಕಿ ಓದಿದ್ದಳು. ಒಂದು, ಅವನ ಲೇಖನ. ಎರಡು, ಅವನು ಗ್ರಂಥಾಲಯದಲ್ಲಿ ಮಾಡಿದ ಭಾಷಣದ ಪತ್ರಿಕಾ ವರದಿ. ಮೂರು, ಆ ವರದಿಯನ್ನು ನಂಬಿ ಬರೆದ ಒಂದು ಸ್ಮರಣಸಂಚಿಕೆ. ನಾಲ್ಕು, ಸ್ಮರಣಸಂಚಿಕೆಯನ್ನು ನಂಬಿದ ಅಂತರ್ಜಾಲದ ಪುಟ.

‘ನಾಲ್ಕೂ ಒಂದೇ ಆಕರ ಸಾರ್,’ ಎಂದಳು. ‘ನೀವೇ.’

ಯಾರೋ ಕೆಮ್ಮಿದರು, ಅದು ನಗುವಿನ ಕೆಮ್ಮು. ಮಮತಾ ಅಲ್ಲಿಗೇ ಬಿಡಬಹುದಿತ್ತು, ಆದರೆ ಅವನಿಗೆ ಸಹಾಯ ಮಾಡುವ ಆಸೆಯಿಂದ ಇನ್ನೊಂದು ಮಾತು ಸೇರಿಸಿದಳು. ನಮ್ಮ ಕಡೆ ಎಷ್ಟೋ ವೀರಗಲ್ಲುಗಳು ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರಿಗೆ ನಿಲ್ಲಿಸಿದವು, ಇದೂ ಹಾಗೇ ಇರಬಹುದಲ್ಲ, ಅವು ಕುದುರೆಗಳೇನಾ ಎಂದು ಕೇಳಿದಳು. ಅನಂತರಾಜು ಅವಳ ಕಡೆ ತಿರುಗಿದ.

‘ದನ ಯಾವುದು ಕುದುರೆ ಯಾವುದು ಅಂತ ನನಗೆ ಹೇಳ್ಕೊಡ್ತೀರೇನಮ್ಮ?’ ಎಂದ.

ಬಸವಯ್ಯನವರು ಜಗಳ ಬಗೆಹರಿಸುವ ಗಾಂಭೀರ್ಯದಲ್ಲಿ ತೀರ್ಪು ಕೊಟ್ಟರು: ಕಲ್ಲನ್ನು ಬುಡದ ತನಕ ಅಗೆದು ಬಿಡಿಸಿ, ಮಂಡಳಿಯ ಫೋಟೋಗ್ರಾಫರ್ ಕೈಯಲ್ಲಿ ಇಡೀ ಕಲ್ಲಿನ ಫೋಟೋ ತೆಗೆಸಿ ತನ್ನಿ, ಆಮೇಲೆ ನೋಡೋಣ. ನವೆಂಬರ್ ಒಂದಕ್ಕೆ ಬಿಡುಗಡೆ, ಅಷ್ಟರೊಳಗೆ ಆಗಬೇಕು.

ಅನಂತರಾಜುವಿಗೆ ಬೇಕಾಗಿದ್ದದ್ದು ಬಹಳ ದೊಡ್ಡದೇನಲ್ಲ. ವಿಶ್ವಕೋಶದ ಪ್ರತಿ ನಮೂದಿನ ಕೊನೆಗೆ, ಆ ಸ್ಥಳವನ್ನೋ ಶಾಸನವನ್ನೋ ಮೊದಲು ಕಂಡವರ ಹೆಸರು ಒಂದು ಸಾಲಿನಲ್ಲಿ ಬರುತ್ತಿತ್ತು, ‘ಶೋಧ: ಇಂಥವರು’ ಎಂದು. ಇತರೆಯ ಅರ್ಧ ಪುಟದಲ್ಲಿ ಆ ಸಾಲಿಗೆ ಜಾಗವಿಲ್ಲ. ಸಾವಿರಾರು ಕರುಗಳು ಅವನ ಕೈಯಿಂದ ಹುಟ್ಟಿದ್ದವು, ಆದರೆ ಕರು ಯಾರ ಹೆಸರನ್ನೂ ಹೇಳುವುದಿಲ್ಲ. ತನ್ನ ಹೆಸರು ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಅಚ್ಚಾಗಬೇಕೆಂದು ಅವನಿಗೆ ಹಸಿವಿನಷ್ಟು ಆಸೆಯಿತ್ತು. ಅದನ್ನು ಹೆಂಡತಿಯ ಹತ್ತಿರವೂ ಹೇಳಿಕೊಂಡಿರಲಿಲ್ಲ, ಹೇಳಿದರೆ ಅವಳು ನಗುವುದಿಲ್ಲವೆಂದೂ, ಮರುಕಪಡುತ್ತಾಳೆಂದೂ ಗೊತ್ತಿತ್ತು.

ಮಾರನೆಯ ದಿನವೇ ಹುರುಳಿಪಾಳ್ಯಕ್ಕೆ ಹೋದ. ಮಾಚಪ್ಪನ ಕಲ್ಲಿಗೆ ದಿನಾ ದೀಪ ಹಚ್ಚುವುದು ಮುನಿರತ್ನಮ್ಮನ ಮನೆತನದ ಕೆಲಸ. ಅರವತ್ತರ ಹೆಂಗಸು, ಮೂರು ಹಸು ಕಟ್ಟಿ ಡೇರಿಗೆ ಹಾಲು ಹಾಕಿ ಸಂಸಾರ ನಡೆಸುವವಳು, ಮಾತು ಕಡಿಮೆ, ಆಡಿದ್ದು ಬದಲಾಗುವುದಿಲ್ಲ. ಅಗೆಯುವ ವಿಷಯ ಎತ್ತಿದೊಡನೆ ಅವಳು ತಲೆಯಾಡಿಸಿದಳು. ಯಾವ ಹಸುವಾದರೂ ಕರು ಹಾಕುವುದಕ್ಕೆ ಹತ್ತು ದಿನ ಮುಂಚೆ, ಹಾಕಿದ ಮೇಲೆ ಹತ್ತು ದಿನ, ಮಾಚಪ್ಪನ ಬುಡದ ಮಣ್ಣು ಅಲ್ಲಾಡಿಸುವಂತಿಲ್ಲ. ಅಲ್ಲಾಡಿಸಿದರೆ ಆ ಹಸುವಿನ ಕೆಚ್ಚಲು ಬತ್ತುತ್ತದೆ. ಇದು ಅವಳ ಅತ್ತೆಯ ಅತ್ತೆಯ ಕಾಲದಿಂದ ಇದ್ದ ಕಟ್ಟಳೆ. ಯಾವ ಹಸುವೂ ದಿನ ತುಂಬಿಲ್ಲದ ಹೊತ್ತು ನೋಡಿ ಅಗೆಯೋಣ ಎಂದ ಅನಂತರಾಜು.

‘ಅಂಥ ವತ್ತು ಎಲ್ಲೈತೆ ಡಾಕ್ಟ್ರೆ?’ ಎಂದಳು ಮುನಿರತ್ನಮ್ಮ. ‘ಮುಂಚೆ ನಾಟಿ ಅಸುಗೋಳು ಎಲ್ಲಾ ಒಂದೇ ಸಲ ಈಯ್ತಿದ್ವು, ಮಿಕ್ಕಿದ್ ವರ್ಸ ಮಾಚಪ್ಪ ಬುಡುವಾಗಿರೋನು. ಈಗ ಐವತ್ತು ಸೀಮೆಅಸ ಅವೆ, ವಾರಕ್ಕೊಂದು ಕರಾ ಆಕ್ತವೆ. ಯಾರ್ ಮಾಡಿದ್ದು? ನೀವೇಯ.’

ನಿಜ. ಇಪ್ಪತ್ತೆರಡು ವರ್ಷದಿಂದ ಅವನೇ ಕ್ಯಾನು ತಂದು ತಂದು ಊರಿನ ಹಸುಗಳ ಋತುಮಾನವನ್ನೆಲ್ಲ ಅಳಿಸಿಹಾಕಿದ್ದ. ತನ್ನ ಕೈಯೇ ತನ್ನ ಕಲ್ಲಿಗೆ ಅಡ್ಡವಾಗಿತ್ತು. ಆದರೆ ಅದೇ ಕೈ ರಿಜಿಸ್ಟರನ್ನೂ ಬರೆದಿತ್ತು. ಹುರುಳಿಪಾಳ್ಯದ ಯಾವ ಹಸು ಯಾವ ದಿನ ಗಬ್ಬವಾಯಿತೆಂದು ಅವನಷ್ಟು ಚೆನ್ನಾಗಿ ಬಲ್ಲವರು ಆ ಹಸುಗಳೂ ಅಲ್ಲ. ಒಂದು ಭಾನುವಾರ ಇಡೀ ದಿನ ಕೂತು, ಪ್ರತಿ ಹಸುವಿಗೂ ಇನ್ನೂರೆಂಬತ್ತು ದಿನ ಎಣಿಸಿ, ಹಿಂದೆ ಹತ್ತು ಮುಂದೆ ಹತ್ತು ಗೆರೆ ಎಳೆದ. ಇಡೀ ವರ್ಷ ಗೆರೆಗಳಿಂದ ಕಪ್ಪಾಯಿತು. ಸೆಪ್ಟೆಂಬರಿನಲ್ಲಿ ಮಾತ್ರ, ಗುರುವಾರದಿಂದ ಭಾನುವಾರದ ತನಕ, ನಾಲ್ಕು ದಿನ ಬಿಳಿಯಾಗಿ ಉಳಿದಿತ್ತು. ಚರಿತ್ರೆಕಾರರು ತಾರೀಖು ಹುಡುಕಿದ್ದಾರೆ, ಆದರೆ ಹೀಗೆ ಹುಡುಕಿದವರು ಬಹುಶಃ ಅವನೊಬ್ಬನೇ.

ಮುನಿರತ್ನಮ್ಮ ಹಾಳೆಯನ್ನು ನೋಡಿ, ಓದಲು ಬರದಿದ್ದರೂ ಗೆರೆಗಳ ಮೇಲೆ ಬೆರಳಾಡಿಸಿ, ಪ್ರತಿ ಹಸುವಿನ ಹೆಸರು ಕೇಳಿ, ಮನಸ್ಸಿನಲ್ಲೇ ತಾಳೆ ಹಾಕಿ ಒಪ್ಪಿದಳು. ಆದರೆ ಹಸುಗಳು ರಿಜಿಸ್ಟರ್ ಓದುವುದಿಲ್ಲ. ಮೇಲಿನ ಬೀದಿಯ ಒಂದು ಕಡಸು ಎರಡು ದಿನ ತಡವಾಗಿ ಕರು ಹಾಕಿ, ನಾಲ್ಕು ದಿನದಲ್ಲಿ ಎರಡನ್ನು ನುಂಗಿಬಿಟ್ಟಿತು. ಅದು ತಡ ಮಾಡಿದ ಆ ಎರಡು ದಿನ ಅನಂತರಾಜು ಅದರ ಕೊಟ್ಟಿಗೆಯಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಡಾಕ್ಟ್ರಿಗೆ ನಮ್ಮ ಹಸುವಿನ ಮೇಲೆ ಎಷ್ಟು ಕಾಳಜಿ ಎಂದು ಮನೆಯವರು ಎರಡು ಹೊತ್ತೂ ಊಟ ಹಾಕಿದರು.

ಶನಿವಾರ ಬೆಳಿಗ್ಗೆ ಚನ್ನಪಟ್ಟಣದಿಂದ ಸನಾವುಲ್ಲಾ ಕ್ಯಾಮೆರಾ ತಂದ. ಅವನೇ ಮಂಡಳಿ ಗೊತ್ತುಮಾಡಿದ ಫೋಟೋಗ್ರಾಫರ್. ಮದುವೆ ಫೋಟೋ ತೆಗೆದು ತೆಗೆದು, ಕಲ್ಲಿಗೂ ‘ಒಸಿ ಈ ಕಡೆ’ ಎನ್ನುವ ಅಭ್ಯಾಸದವನು. ಇಬ್ಬರು ಆಳುಗಳು ಹಾರೆ ಹಿಡಿದು ಮಣ್ಣು ಬಿಡಿಸಿದರು. ಮೊಳದಷ್ಟು ಇಳಿದ ಮೇಲೆ ಅನಂತರಾಜು ಅವರನ್ನು ನಿಲ್ಲಿಸಿ, ಉಳಿದ ಮಣ್ಣನ್ನು ತಾನೇ ಕೈಯಲ್ಲಿ ಬಾಚಿ, ಎರಡು ಕೊಡ ನೀರು ಹೊಯ್ದು ತೊಳೆದ. ಇಷ್ಟು ವರ್ಷ ಮಣ್ಣಿನಲ್ಲಿದ್ದ ಕೆಳಭಾಗ ಸ್ವಲ್ಪವೂ ಸವೆದಿರಲಿಲ್ಲ. ಕಾಲುಗಳು, ಮೊಣಕಾಲುಗಳು, ಗೊರಸುಗಳು, ಎಲ್ಲ ನಿನ್ನೆ ಕೆತ್ತಿದ ಹಾಗಿದ್ದವು. ಶಿಲ್ಪಿ ಒಳ್ಳೆಯ ಕೆಲಸಗಾರ, ಪ್ರಾಣಿಯನ್ನು ಹತ್ತಿರದಿಂದ ನೋಡಿದವನು. ಪ್ರತಿಯೊಂದು ಗೊರಸನ್ನೂ ನಡುವೆ ಸೀಳಿ ಕೆತ್ತಿದ್ದ.

ಅನಂತರಾಜು ಮಂಡಿಯೂರಿ ಕೂತವನು ಏಳಲಿಲ್ಲ. ಕುದುರೆಗೆ ಒಂದೇ ಗೊರಸು. ಸೀಳು ಗೊರಸು ದನಕ್ಕೆ. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಗಾದರೆ ಅವನು ಎತ್ತಿ ಹಿಡಿದು, ಕೆರೆದು, ಔಷಧ ಹಚ್ಚುತ್ತಿದ್ದ ಗೊರಸು ಅದೇ. ಅವನ ಕಣ್ಣು ಒಂದೊಂದೇ ಕಾಲನ್ನು ಎಣಿಸಿತು, ಬೇಡವೆಂದರೂ ಎಣಿಸಿತು. ಎಂಟೂ ಹಸುಗಳೇ. ಬೆನ್ನಿನ ಮೇಲೆ ಕೂತ ಸವಾರರೆಂದು ಅವನು ಬರೆದಿದ್ದ ಇಬ್ಬರ ಪಾದಗಳು ದನಗಳ ಕಾಲಿನ ಹಿಂದೆ ನೆಲದ ಮೇಲೇ ಇದ್ದವು. ಎಂಬತ್ತು ಕುದುರೆಯ ದಂಡು ಅಲ್ಲೇ ಕರಗಿ, ಕೋಲು ಹಿಡಿದ ಇಬ್ಬರು ದನಗಳ್ಳರು ಉಳಿದರು.

‘ಕುದ್ರೆ ಸಕತ್ತಾಗಿ ಬಂದವೆ ಸಾರ್,’ ಎಂದ ಸನಾವುಲ್ಲಾ, ಕ್ಯಾಮೆರಾದ ಪರದೆ ತೋರಿಸುತ್ತ.

ಅದನ್ನು ಕೇಳಿ ಅನಂತರಾಜುವಿಗೆ ಒಂದು ಗಳಿಗೆ ಜೀವ ಬಂದಂತಾಯಿತು. ಸನಾವುಲ್ಲಾನಿಗೆ ಕಾಣಲಿಲ್ಲವೆಂದರೆ ಬಸವಯ್ಯನವರಿಗೂ ಕಾಣುವುದಿಲ್ಲ. ಪುಸ್ತಕದಲ್ಲಿ ಅಂಗೈಯಗಲದ ಫೋಟೋದಲ್ಲಿ ಗೊರಸು ಸಾಸಿವೆಯಷ್ಟಿರುತ್ತದೆ. ತಾನು ಬಾಯಿ ಮುಚ್ಚಿಕೊಂಡರೆ ಮುಗಿಯಿತು. ಆಗ ಹಿಂದಿನಿಂದ ಮುನಿರತ್ನಮ್ಮ ಬಗ್ಗಿ ನೋಡಿ, ನಮ್ಮ ದನಗಳ ಕಾಲು ಎಷ್ಟು ಚೆನ್ನಾಗಿ ತಿದ್ದವ್ನೆ ಎಂದಳು. ಇವು ದನ ಎಂದು ನಿಮಗೆ ಮೊದಲೇ ಗೊತ್ತಿತ್ತಾ ಎಂದು ಅನಂತರಾಜು ಮೆಲ್ಲಗೆ ಕೇಳಿದ.

‘ದನ ಅಂತಾನೇ ಅಲ್ವಾ ಆಲು ಉಯ್ಯೋದು. ಕುದ್ರೆಗ್ಯಾರಾದ್ರೂ ಗಿಣ್ಣು ಉಯ್ತಾರಾ?’ ಎಂದಳು ಅವಳು. ‘ನೀವು ಕುದ್ರೆ ಅಂದ್ರಿ. ಓದಿರೋರು, ದನದ್ ಡಾಕ್ಟ್ರು ಬೇರೆ, ಅವ್ರೇ ಅಂದ್ಮೇಲೆ ನಾವ್ಯಾಕೆ ಎದುರಾಡಾದು ಅಂತ ಸುಮ್ಕಾದೊ.’

ಸಂಜೆಯೊಳಗೆ ಮಣ್ಣು ಮುಚ್ಚಿದರು. ಅದಾದ ಮೇಲೆ ಎರಡು ವಾರ ಅನಂತರಾಜು ತನ್ನೊಳಗೇ ಕಾದಾಡಿದ. ಒಂದು ದಿನ, ಇಷ್ಟಕ್ಕೂ ಮಾಚ ಸತ್ತದ್ದು ನಿಜ ತಾನೇ, ಕಾದಿದ್ದೂ ನಿಜ, ಪ್ರಾಣಿ ಯಾವುದಾದರೇನು ಎಂದುಕೊಳ್ಳುತ್ತಿದ್ದ. ಮರುದಿನ ಯಾರದೋ ಕೊಟ್ಟಿಗೆಯಲ್ಲಿ ಕುಂಟುವ ಹಸುವಿನ ಕಾಲೆತ್ತಿ ಗೊರಸಿನ ಸಂದಿಗೆ ಕೈಯಿಟ್ಟರೆ ನಾಚಿಕೆಯಾಗುತ್ತಿತ್ತು. ಬೇರೆ ಯಾರು ತಪ್ಪು ಮಾಡಿದ್ದರೂ ಕ್ಷಮಿಸಬಹುದಿತ್ತು. ಊರ ಪಂಡಿತರಿಗೆಲ್ಲ ಗೊತ್ತಾಗದ್ದು ತನಗೆ ಗೊತ್ತಾಗಬೇಕಾಗಿತ್ತು, ತನಗೊಬ್ಬನಿಗೇ ಗೊತ್ತಾಗಬೇಕಾಗಿತ್ತು.

ಒಂಬತ್ತನೆಯ ಸಭೆಗೆ ಅವನು ಸತ್ಯ ಹೇಳಲೆಂದೇ ಹೋದ. ಬಾಗಿಲಲ್ಲೇ ಬಸವಯ್ಯನವರು ಕೈ ಹಿಡಿದು ಕುಲುಕಿದರು. ಈ ಮಧ್ಯೆ ಮೇಲಿನವರಿಂದ ಒಂದು ಪತ್ರ ಬಂದಿತ್ತಂತೆ. ಸಾವನದುರ್ಗದ ಮುತ್ತಿಗೆಗೆ ನಾಲ್ಕು ಪುಟ ಕೊಟ್ಟಿದ್ದೀರಿ, ಜಿಲ್ಲೆಯ ಎಲ್ಲ ಹೋಬಳಿಗೂ ಒಂದೊಂದು ಕಾಳಗ ಸಿಕ್ಕಿದೆ, ಸೋಲೂರು ಹೋಬಳಿಯವರು ಏನು ಪಾಪ ಮಾಡಿದ್ದರು ಎಂದು ಅದರ ತಾತ್ಪರ್ಯ. ಬರೆದವರು ಇಂಥ ಪತ್ರಕ್ಕೆ ಉತ್ತರ ನಿರೀಕ್ಷಿಸುವವರಲ್ಲ, ಕೆಲಸ ನಿರೀಕ್ಷಿಸುವವರು. ಹಾಗಾಗಿ ಹುರುಳಿಪಾಳ್ಯದ ಕಾಳಗಕ್ಕೆ ಎರಡು ಪುಟ ಮಂಜೂರಾಗಿತ್ತು. ಮಮತಾ ಕರಡು ಪುಟಗಳನ್ನು ಮಾತಾಡದೆ ಅವನ ಮುಂದಿಟ್ಟಳು. ಎರಡನೆಯ ಪುಟದ ಬುಡದಲ್ಲಿ, ದಪ್ಪಕ್ಷರದಲ್ಲಿ, ಅದು ಇತ್ತು. ಶೋಧ: ಅನಂತರಾಜು.

ಅವನು ಅದನ್ನು ಮೂರು ಸಲ ಓದಿದ. ಬೆರಳಿನಿಂದ ಒಮ್ಮೆ ಸವರಿಯೂ ನೋಡಿದ. ಆಮೇಲೆ ಎದ್ದು ನಿಂತು, ಅದು ಕಾಳಗವೇ ಅಲ್ಲ, ಅವು ಕುದುರೆಗಳಲ್ಲ, ಹಸುಗಳು, ತಾನು ಬರೆದದ್ದು ತಪ್ಪು, ಮಮತಾ ಹೇಳಿದ್ದೇ ಸರಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಕೂತ.

ಯಾರೋ ಕರಡು ಪುಟಗಳನ್ನು ಅವನ ಮುಂದಿನಿಂದ ಎತ್ತಿ ಅಧ್ಯಕ್ಷರ ಕಡೆ ಸರಿಸಿದರು.

‘ಕಾಳಗ ನಡೆದಿಲ್ಲ ಅನ್ನೋದಕ್ಕೆ ಆಕರ ಏನು?’ ಎಂದು ಬಸವಯ್ಯನವರು ಕೇಳಿದರು.

‘ನಾನೇ ಕಣ್ಣಾರೆ ನೋಡ್ದೆ ಸಾರ್.’

‘ಅಂದ್ರೆ ನೀವೊಬ್ರೇ. ನಡೆದಿದೆ ಅನ್ನೋದಕ್ಕೆ ನಾಲ್ಕಿವೆ.’

ಆ ನಾಲ್ಕೂ ಇವರೇ ಸಾರ್ ಎಂದು ಮಮತಾ ನೆನಪಿಸಿದಳು. ಬಸವಯ್ಯನವರು ನಡಾವಳಿ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. ಏಳನೆಯ ಸಭೆಯಲ್ಲಿ ಒಪ್ಪಿರಲಿಲ್ಲ, ನಿಜ. ಪತ್ರ ಬಂದ ಮೇಲೆ ನಡೆದ, ಅನಂತರಾಜು ಬಾರದ ಎಂಟನೆಯ ಸಭೆಯಲ್ಲಿ ನಾಲ್ಕನ್ನೂ ಸ್ವತಂತ್ರವೆಂದು ಅಂಗೀಕರಿಸಿದೆ, ಸಹಿ ಆಗಿದೆ. ಫೋಟೋ ಇದೆಯಲ್ಲ ನೋಡಿ ಎಂದು ಅನಂತರಾಜು ಗೋಗರೆದ. ಎಲ್ಲರೂ ಫೋಟೋ ನೋಡಿದರು, ಎಲ್ಲರಿಗೂ ಕುದುರೆಯೇ ಕಂಡಿತು. ಗೊರಸಿನ ವಿಚಾರ ಪಶುಸಂಗೋಪನೆಯ ಸಂಪುಟಕ್ಕೆ ಸೇರಿದ್ದು, ಅದು ಮುಂದಿನ ವರ್ಷ ಎಂದು ಅಧ್ಯಕ್ಷರು ಸಮಾಧಾನ ಹೇಳಿದರು. ಹಾಗಾದರೆ ‘ಮಾಚನ ಕಲ್ಲು’ ಎಂದಾದರೂ ತಲೆಬರಹ ಬದಲಾಯಿಸಿ ಎಂದ. ಕಲ್ಲುಗಳ ವಿಭಾಗ ಆಗಲೇ ಅಚ್ಚಿಗೆ ಹೋಗಿತ್ತು. ನನ್ನ ಹೆಸರನ್ನಾದರೂ ತೆಗೆಯಿರಿ ಎಂದು ಕೊನೆಗೆ ಕೇಳಿದ. ಶೋಧಕರಿಲ್ಲದ ಶೋಧ ಹೇಗಾಗುತ್ತದೆ ಎಂದು ನಕ್ಕರು. ವಿನಯ ಅತಿಯಾಯಿತು ಎಂದು ಯಾರೋ ಬೆನ್ನು ತಟ್ಟಿದರು. ಒಳಗೆ ಬರಲು ಅಷ್ಟು ತಿಂಗಳು ಬಾಗಿಲು ಬಡಿದವನಿಗೆ ಈಗ ಹೊರಗೆ ಹೋಗಲು ಬಾಗಿಲೇ ಇರಲಿಲ್ಲ.

ಪುಸ್ತಕ ನವೆಂಬರ್ ತಪ್ಪಿ ಡಿಸೆಂಬರಿನಲ್ಲಿ ಬಂತು. ಐನೂರು ಪ್ರತಿ. ಅನಂತರಾಜುವಿಗೆ ಒಂದು ಗೌರವ ಪ್ರತಿ ಕೊಟ್ಟರು. ಅವನು ಅದನ್ನು ಮನೆಗೂ ಒಯ್ಯದೆ, ಚೀಲದಲ್ಲಿಟ್ಟುಕೊಂಡು ನೇರ ಹುರುಳಿಪಾಳ್ಯಕ್ಕೆ ಹೋದ. ಅಗೆಯಲು ಒಪ್ಪುವಾಗಲೇ ಮುನಿರತ್ನಮ್ಮ ಮಾತು ತೆಗೆದುಕೊಂಡಿದ್ದಳು: ಪುಸ್ತಕ ಬಂದ ದಿನ ಮೊದಲು ತನಗೆ ತೋರಿಸಬೇಕು. ಅವಳು ಕೈಕಾಲು ತೊಳೆದು, ಜಗುಲಿಯ ಮೇಲೆ ಮಣೆ ಹಾಕಿ, ಅದರ ಮೇಲೆ ಪುಸ್ತಕ ಇಡಿಸಿದಳು. ಅರಿಶಿನ ಕುಂಕುಮದ ಬಟ್ಟಲು ತಂದು, ಬೆರಳಿಗೆ ಕುಂಕುಮ ಹಚ್ಚಿಕೊಂಡು ಕಾದು ಕೂತಳು.

‘ಮಾಚಪ್ಪನ ಎಸ್ರು ಎಲ್ಲೈತೆ ತೋರ್ಸಿ ಡಾಕ್ಟ್ರೆ, ಬೊಟ್ಟಿಡ್ತೀನಿ.’

ಅನಂತರಾಜು ಮೊದಲ ಪುಟ ಓದಿದ. ಎಂಬತ್ತು ಕುದುರೆ ಇದ್ದವು. ಎರಡನೆಯ ಪುಟ ಓದಿದ. ದಂಡಿನ ನಾಯಕರ ಬಗ್ಗೆ ಊಹೆಗಳಿದ್ದವು, ಲಾಯದ ಹುರುಳಿಯ ಬಗ್ಗೆ ಒಂದು ಪ್ಯಾರಾ ಇತ್ತು, ಯಾರೋ ಬರೆದ ಅಶ್ವದಳದ ಚಿತ್ರ ಅರ್ಧ ಪುಟ ಹಿಡಿದಿತ್ತು. ಆ ಚಿತ್ರಕ್ಕೆ ಜಾಗ ಮಾಡಲು ಏನನ್ನೋ ತೆಗೆದಿದ್ದರು. ಮತ್ತೊಮ್ಮೆ ಮೊದಲಿಂದ ಓದಿದ. ಮಾಚನ ಹೆಸರು ಎಲ್ಲೂ ಇರಲಿಲ್ಲ. ಇಡೀ ಎರಡು ಪುಟದಲ್ಲಿ ಒಬ್ಬ ಮನುಷ್ಯನ ಹೆಸರು ಎಂದು ಇದ್ದದ್ದು ಬುಡದ ಸಾಲಿನಲ್ಲಿ ಮಾತ್ರ.

ಮುನಿರತ್ನಮ್ಮನ ಬೆರಳು ಪುಟದ ಮೇಲೆ ಕಾಯುತ್ತಿತ್ತು. ಅವಳಿಗೆ ಓದಲು ಬಾರದು. ಯಾವ ಪದ ತೋರಿಸಿದರೂ ಒಪ್ಪುತ್ತಾಳೆ, ಕುದುರೆಯೆಂದಾಗ ಎದುರಾಡದೆ ಒಪ್ಪಿದಂತೆ. ಅವನು ಜೇಬಿನಿಂದ ಪೆನ್ನು ತೆಗೆದು, ಬುಡದ ಸಾಲಿನ ಹೆಸರಿನ ಮೇಲೆ ಗಟ್ಟಿಯಾಗಿ ಎರಡು ಗೆರೆ ಎಳೆದು, ಪಕ್ಕದಲ್ಲಿ ದುಂಡಗೆ ಬರೆಯತೊಡಗಿದ. ಮಾಚ, ಬೇರೆಯವರ ಎಂಟು ಹಸು ಬಿಡಿಸಿಕೊಟ್ಟು ಸತ್ತವನು.

ಅಚ್ಚಾದ ಪುಸ್ತಕದ ಮೇಲೆ ಯಾಕೆ ಗೀಚುತ್ತಿದ್ದೀರಿ ಎಂದು ಅವಳು ಗಾಬರಿಯಾದಳು. ಅಚ್ಚಿನಲ್ಲಿ ತಪ್ಪಾಗಿತ್ತು, ಸರಿ ಮಾಡುತ್ತಿದ್ದೇನೆ ಎಂದ.

‘ಒಡೆದಾಕಿದ್ರಲ್ಲ, ಏನಿತ್ತು ಅಲ್ಲಿ?’

‘ಯಾರ್ದೋ ಹೆಸ್ರು ಕಣಮ್ಮ,’ ಎಂದ ಅನಂತರಾಜು. ಮಸಿ ಇನ್ನೂ ಹಸಿಯಾಗಿತ್ತು, ಅವಳು ಅದು ಒಣಗುವ ತನಕ ಕಾದು ಬೊಟ್ಟಿಟ್ಟಳು.